ಬರೆದದ್ದನ್ನು ಓದುವವರು ಯಾರು? ಕಲಾ ವಿಭಾಗದ ಮಕ್ಕಳ ಆನ್‌ಲೈನ್ ತರಗತಿಗಳ ಕುರಿತು

ಪ್ರಶ್ನೆ: ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಚಳ್ಳಕೆರೆ ತಾಲ್ಲೂಕಿನ ನಮ್ಮ ಹೋಬಳಿಯ ಪಿಯು ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿದ್ದಾಳೆ. ಒಳ್ಳೆಯ ಅಂಕಗಳಿದ್ದರೂ ಅವಳೇ ಇಷ್ಟಪಟ್ಟು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡಿದ್ದಾಳೆ. ಇದುವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾಲೇಜಿನಲ್ಲಿ ಇತಿಹಾಸಕ್ಕೆ ಅತಿಥಿ ಉಪನ್ಯಾಸಕರೇ ಗತಿ, ಅವರ ನೇಮಕ ಇನ್ನೂ ಆಗಿಲ್ಲ. ಮನಃಶಾಸ್ತ್ರ ಕಲಿಯುವ ಆಸೆ ಅವಳಿಗಿದೆ, ಆ ವಿಷಯ ಅಲ್ಲಿಲ್ಲ. ನಾವು ಎರಡು ಆನ್‌ಲೈನ್ ತರಗತಿಗಳನ್ನು ವಿಚಾರಿಸಿದ್ದೇವೆ. ಒಂದು, ಮೊದಲೇ ಚಿತ್ರೀಕರಿಸಿದ ವಿಡಿಯೊಗಳ ಆ್ಯಪ್, ವರ್ಷಕ್ಕೆ 18,000 ರೂಪಾಯಿ. ಇನ್ನೊಂದು, ವಾರಕ್ಕೆ ಎರಡು ನೇರ ತರಗತಿ, ಹದಿನೈದು ಮಕ್ಕಳ ಗುಂಪು, ಪಾಠ ಇಂಗ್ಲಿಷಿನಲ್ಲಿ, ವರ್ಷಕ್ಕೆ 42,000 ರೂಪಾಯಿ, ಕೊನೆಗೆ ಪ್ರಮಾಣಪತ್ರ. ಮುಂದೆ ಕೇಂದ್ರೀಯ ವಿಶ್ವವಿದ್ಯಾಲಯವೊಂದರಲ್ಲಿ ಓದುವ ಯೋಚನೆಯಿದೆ. ಒಂಬತ್ತನೇ ತರಗತಿಯಲ್ಲಿ ಮಗನೂ ಇದ್ದಾನೆ. ಯಾವುದಕ್ಕೆ ಸೇರಿಸಲಿ? ಇಂಥ ವಿಷಯಗಳನ್ನು ಮೊಬೈಲ್ ಹಿಡಿದು ಕಲಿಯಲು ಸಾಧ್ಯವೇ?

ಉತ್ತರ: ನೀವು ವಿಚಾರಿಸಿರುವ ಎರಡರಲ್ಲಿ ಒಂದನ್ನೇ ಆರಿಸಬೇಕೆಂದಾದರೆ ವಿಡಿಯೊ ಆ್ಯಪನ್ನು ಕೈಬಿಡಿ. ನೇರ ತರಗತಿಗೂ ಈಗಲೇ ಹಣ ಕಟ್ಟಬೇಡಿ. ಅದನ್ನು ನಡೆಸುವವರಿಗೆ ಫೋನು ಮಾಡಿ, ಒಬ್ಬ ವಿದ್ಯಾರ್ಥಿನಿ ವರ್ಷದಲ್ಲಿ ಎಷ್ಟು ಬಾರಿ ಒಂದೆರಡು ಪುಟಗಳ ಬರಹ ಬರೆಯಬೇಕಾಗುತ್ತದೆ, ಆ ಬರಹವನ್ನು ಪಾಠ ಮಾಡುವವರೇ ಓದುತ್ತಾರೆಯೇ ಅಥವಾ ಬೇರೆ ಯಾರೋ ಅಂಕ ಹಾಕಿ ಕಳಿಸುತ್ತಾರೆಯೇ, ಓದಿದವರು ಅಂಕದ ಜೊತೆಗೆ ಪಕ್ಕದಲ್ಲಿ ಏನನ್ನಾದರೂ ಬರೆದು ಹಿಂದಿರುಗಿಸುತ್ತಾರೆಯೇ ಎಂದು ಕೇಳಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಹಣ ಕೊಟ್ಟು ಪಡೆಯಬೇಕಾದ ವಸ್ತು ಯಾವುದಾದರೂ ಇದ್ದರೆ ಅದು ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಹೀಗೆ ಹೇಳಲು ಕಾರಣ ಸರಳವಾಗಿದೆ. ಉಪನ್ಯಾಸ ಇವತ್ತು ಪುಕ್ಕಟೆಯಾಗಿ ಸಿಗುತ್ತದೆ. ಕೇಂದ್ರ ಸರ್ಕಾರ 2017ರ ಜುಲೈನಲ್ಲಿ ಆರಂಭಿಸಿದ ಸ್ವಯಂ ಜಾಲತಾಣದಲ್ಲಿ ಹನ್ನೊಂದು ಮತ್ತು ಹನ್ನೆರಡನೇ ತರಗತಿಗಳಿಗೆಂದು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಕೋರ್ಸುಗಳಿವೆ, ಅವುಗಳಲ್ಲಿ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಃಶಾಸ್ತ್ರ ಎಲ್ಲವೂ ಸೇರಿವೆ, ಸೇರಲು ಶುಲ್ಕವಿಲ್ಲ. ಅದೇ ವರ್ಷ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ಆ್ಯಪಿನಲ್ಲಿ ಪಠ್ಯಪುಸ್ತಕದ ಕ್ಯುಆರ್ ಕೋಡನ್ನು ಮೊಬೈಲಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಪಿಯು ಪಠ್ಯಕ್ರಮವನ್ನು ಕನ್ನಡದಲ್ಲಿಯೇ ಅಧ್ಯಾಯವಾರು ಪಾಠ ಮಾಡಿ ಯೂಟ್ಯೂಬಿಗೆ ಹಾಕಿರುವ ಉಪನ್ಯಾಸಕರೂ ಅನೇಕರಿದ್ದಾರೆ, ಅವರಲ್ಲಿ ಕೆಲವರು ನಿಜಕ್ಕೂ ಚೆನ್ನಾಗಿ ಪಾಠ ಮಾಡುತ್ತಾರೆ. ಹೀಗಿರುವಾಗ ಹದಿನೆಂಟು ಸಾವಿರ ಕೊಟ್ಟು ಕೊಳ್ಳುವ ವಿಡಿಯೊಗಳಲ್ಲಿ ಹೆಚ್ಚಾಗಿ ಇರುವುದು ಮೆರುಗಿನ ಚಿತ್ರಗಳು ಮತ್ತು ನಾಲ್ಕು ಆಯ್ಕೆಗಳ ಪ್ರಶ್ನೆಗಳು ಮಾತ್ರ. ಅರ್ಥಶಾಸ್ತ್ರದ ಮಟ್ಟಿಗೆ ಈ ಮಾತನ್ನು ಸ್ವಲ್ಪ ಸಡಿಲಿಸಬಹುದು. ಬೇಡಿಕೆಯ ರೇಖೆಯನ್ನೋ ರಾಷ್ಟ್ರೀಯ ವರಮಾನದ ಲೆಕ್ಕವನ್ನೋ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ನೋಡುವ ಅನುಕೂಲ ವಿಡಿಯೊದಲ್ಲಿದೆ. ಆದರೆ ಅದಕ್ಕೂ ಉಚಿತ ವಿಡಿಯೊಗಳೇ ಸಾಕು.

ಉಪನ್ಯಾಸಕ್ಕೂ ತರಗತಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಜಿಲ್ಲೆಯದೇ ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಮೌರ್ಯರ ಪಾಠದಲ್ಲಿ ಯಾವ ವಿಡಿಯೊ ನೋಡಿದರೂ ಅಶೋಕನ ಶಾಸನಗಳು ಕರ್ನಾಟಕದಲ್ಲಿ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೊದಲಾದ ಕಡೆ ಸಿಕ್ಕಿವೆ ಎಂಬ ಒಂದು ವಾಕ್ಯ ಬರುತ್ತದೆ, ಮಕ್ಕಳು ಊರುಗಳ ಹೆಸರನ್ನು ಬಾಯಿಪಾಠ ಮಾಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಇವುಗಳಲ್ಲಿ ಕೊನೆಯ ಮೂರೂ ನಿಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನಲ್ಲಿವೆ, ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದವು. ಒಳ್ಳೆಯ ಅಧ್ಯಾಪಕರ ಆನ್‌ಲೈನ್ ತರಗತಿಯಲ್ಲಿ ಇದೇ ಪಾಠ ಬೇರೆ ರೀತಿಯಲ್ಲಿ ನಡೆಯುತ್ತದೆ. ತರಗತಿಗೆ ಎರಡು ದಿನ ಮೊದಲೇ ಬ್ರಹ್ಮಗಿರಿ ಶಾಸನದ ಅನುವಾದ ಒಂದು ಪುಟದಲ್ಲಿ ಮಕ್ಕಳ ಕೈಗೆ ಬರುತ್ತದೆ. ಶಾಸನದ ಮೊದಲ ಸಾಲುಗಳಲ್ಲಿ ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಅನಂತರ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆಯನ್ನು ತಿಳಿಸುತ್ತಾರೆ. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳ ಬಗ್ಗೆ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಮಾತುಗಳು ಬರುತ್ತವೆ. ಕೊನೆಯಲ್ಲಿ ಇದನ್ನು ಬರೆದವನು ಚಪಡ ಎಂದಿದೆ, ಅವನು ತಾನು ಲಿಪಿಕಾರನೆಂಬುದನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ.

ಈ ಒಂದು ಪುಟವನ್ನು ಮುಂದಿಟ್ಟುಕೊಂಡು ಅಧ್ಯಾಪಕರು ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಇಲ್ಲಿ ಮಾತನಾಡುತ್ತಿರುವವರು ಯಾರು, ಚಕ್ರವರ್ತಿಯೇ ಅಥವಾ ಅವನ ಅಧಿಕಾರಿಗಳೇ? ಆಜ್ಞೆ ಕೊಡುವ ಮೊದಲು ಆರೋಗ್ಯ ವಿಚಾರಿಸಿದ್ದೇಕೆ? ಗಾಂಧಾರದ ಕಡೆಯ ಲಿಪಿ ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತದ್ದು ಮೌರ್ಯರ ಆಡಳಿತದ ಬಗ್ಗೆ ಏನನ್ನು ಹೇಳುತ್ತದೆ? ಅಂದಿನ ಈ ಭಾಗದ ಜನಕ್ಕೆ ಪ್ರಾಕೃತ ಅರ್ಥವಾಗುತ್ತಿತ್ತೇ, ಇಲ್ಲವಾದರೆ ಓದಿ ಹೇಳುತ್ತಿದ್ದವರು ಯಾರು? ಕೊನೆಯ ಪ್ರಶ್ನೆಗೆ ಖಚಿತ ಉತ್ತರವಿಲ್ಲ, ಆದರೆ ಅದನ್ನು ಕೇಳಿಕೊಂಡ ವಿದ್ಯಾರ್ಥಿನಿಗೆ ಶಾಸನವೆಂದರೆ ಏನು, ಅದರಿಂದ ಎಷ್ಟನ್ನು ತಿಳಿಯಬಹುದು, ಎಷ್ಟನ್ನು ತಿಳಿಯಲಾಗದು ಎಂಬುದು ಮನಸ್ಸಿಗೆ ಹತ್ತುತ್ತದೆ. ತರಗತಿ ಮುಗಿದ ಮೇಲೆ ಅವಳು ಒಂದೂವರೆ ಪುಟ ಬರೆಯುತ್ತಾಳೆ. ಅದರಲ್ಲಿ ‘ಅಶೋಕನು ಕರ್ನಾಟಕವನ್ನು ಗೆದ್ದು ಇಲ್ಲಿ ಶಾಸನ ಹಾಕಿಸಿದನು’ ಎಂಬ ವಾಕ್ಯವಿದ್ದರೆ, ಅಧ್ಯಾಪಕರು ಪಕ್ಕದಲ್ಲಿ, ‘ಗೆದ್ದನೆಂದು ಶಾಸನದ ಯಾವ ಸಾಲು ಹೇಳುತ್ತದೆ? ಇಲ್ಲಿ ಆಡಳಿತದ ಸುಳಿವಿದೆ, ಯುದ್ಧದ ಸುಳಿವಿಲ್ಲ. ಅಶೋಕ ತಾನೇ ಹೇಳಿಕೊಂಡಿರುವ ಯುದ್ಧ ಕಳಿಂಗದ್ದು. ಈ ವಾಕ್ಯವನ್ನು ಮತ್ತೆ ಬರೆದು ಕಳಿಸು’ ಎಂದು ಬರೆಯುತ್ತಾರೆ. ಈ ಎರಡು ಮೂರು ಸಾಲಿನ ಟಿಪ್ಪಣಿಯನ್ನು ಯಾವ ವಿಡಿಯೊವೂ ಕೊಡಲಾರದು. ಹತ್ತು ಹದಿನೈದು ಬರಹಗಳಿಗೆ ಇಂಥ ಟಿಪ್ಪಣಿ ಪಡೆದ ಹುಡುಗಿ ಎರಡನೇ ಪಿಯು ಮುಗಿಸುವ ಹೊತ್ತಿಗೆ ಯಾವ ಪತ್ರಿಕಾ ವರದಿಯನ್ನೂ ಆಧಾರ ಕೇಳದೆ ನಂಬುವುದಿಲ್ಲ.

ರಾಜ್ಯಶಾಸ್ತ್ರಕ್ಕೂ ಇದೇ ಕ್ರಮ ಹೊಂದುತ್ತದೆ, ಬಹುಶಃ ಇನ್ನೂ ಚೆನ್ನಾಗಿ. ಸಂವಿಧಾನ ಸಭೆಯ ಚರ್ಚೆಗಳು ಪೂರ್ತಿಯಾಗಿ ಅಂತರ್ಜಾಲದಲ್ಲಿವೆ, ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆ ಅವುಗಳನ್ನು ದಿನಾಂಕ ಹಾಗೂ ಭಾಷಣಕಾರರ ಹೆಸರಿನಿಂದ ಹುಡುಕಲು ಬರುವಂತೆ ಜೋಡಿಸಿಟ್ಟಿದೆ. ಮಂಗಳೂರಿನಲ್ಲಿ ಹುಟ್ಟಿದ, ಆ ಸಭೆಯ ಸದಸ್ಯ ಎಚ್.ವಿ. ಕಾಮತ್ ಅವರು 1949ರ ಅಕ್ಟೋಬರ್ 17ರಂದು ಸಂವಿಧಾನದ ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಅದು ಮತಕ್ಕೆ ಹೋಗಿ, ಪರ 41, ವಿರುದ್ಧ 68 ಮತಗಳು ಬಿದ್ದು ಸೋತಿತು. ಆ ದಿನದ ನಾಲ್ಕಾರು ಪುಟಗಳನ್ನು ಓದಿಕೊಂಡು ಬಂದ ಹದಿನೈದು ಮಕ್ಕಳನ್ನು ಎರಡು ಪಕ್ಷಗಳಾಗಿ ಮಾಡಿ ವಾದ ಮಾಡಿಸಿದರೆ, ಪೀಠಿಕೆಯನ್ನು ಕಂಠಪಾಠ ಮಾಡಿ ಒಪ್ಪಿಸುವುದಕ್ಕಿಂತ ಎಷ್ಟೋ ಹೆಚ್ಚು ಕಲಿಕೆ ಒಂದು ಗಂಟೆಯಲ್ಲಿ ಆಗುತ್ತದೆ. ನಿಮ್ಮ ಊರಿನ ಕಾಲೇಜಿನಲ್ಲಿ ಕಲಾ ವಿಭಾಗದ ಮಕ್ಕಳೆಲ್ಲ ಸುತ್ತಲ ಹತ್ತು ಹಳ್ಳಿಯವರೇ ಆಗಿರುತ್ತಾರೆ. ಆನ್‌ಲೈನ್ ಗುಂಪಿನಲ್ಲಿ ಮಡಿಕೇರಿಯವಳು, ಬೀದರಿನವನು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಹುಡುಗ ಒಟ್ಟಿಗೆ ಕೂತು ಮೀಸಲಾತಿಯ ಬಗ್ಗೆಯೋ ನೀರಿನ ಹಂಚಿಕೆಯ ಬಗ್ಗೆಯೋ ವಾದಿಸುವುದು ಸಾಧ್ಯ. ಸಮಾಜಶಾಸ್ತ್ರ ಓದುವವಳಿಗೆ ಇದು ಸಣ್ಣ ಲಾಭವಲ್ಲ.

ಹದಿನೈದು ಮಕ್ಕಳೆಂಬುದು ಸರಿಯಾದ ಸಂಖ್ಯೆ. ಇಪ್ಪತ್ತೈದು ಮೂವತ್ತು ಆದರೆ ಮೂರ್ನಾಲ್ಕು ಮಂದಿ ಮಾತನಾಡುತ್ತಾರೆ, ಉಳಿದವರು ಕ್ಯಾಮೆರಾ ಮುಚ್ಚಿ ಕೂರುತ್ತಾರೆ. ಆದರೂ ಜಾಹೀರಾತಿನಲ್ಲಿ ಹದಿನೈದು ಎಂದಿದ್ದು ಎರಡು ತಿಂಗಳ ನಂತರ ಎರಡು ಗುಂಪುಗಳನ್ನು ಒಂದು ಮಾಡುವುದುಂಟು, ಹಾಗೆ ಮಾಡುವುದಿಲ್ಲವೆಂದು ಬರವಣಿಗೆಯಲ್ಲಿ ಪಡೆಯಿರಿ. ಮಾದರಿ ತರಗತಿಯಲ್ಲಿ ನಿಮ್ಮ ಮಗಳ ಪಕ್ಕದಲ್ಲಿ ಕೂತು, ಅಧ್ಯಾಪಕರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನು ಗಮನಿಸಿ. ಒಂದು ಗಂಟೆಯಲ್ಲಿ ಐವತ್ತು ನಿಮಿಷ ಅವರೇ ಮಾತನಾಡಿದರೆ ಅದು ನೇರ ಪ್ರಸಾರದ ಉಪನ್ಯಾಸವಷ್ಟೆ, ಅದಕ್ಕೆ ನಲವತ್ತೆರಡು ಸಾವಿರ ದುಬಾರಿ.

ಇನ್ನು ಮಾಧ್ಯಮದ ಪ್ರಶ್ನೆ. ಇಂಗ್ಲಿಷ್ ಪಾಠವೆಂಬ ಒಂದೇ ಕಾರಣಕ್ಕೆ ಹಿಂಜರಿಯಬೇಡಿ, ಆದರೆ ಮೊದಲ ಆರು ತಿಂಗಳು ಮಗಳು ಕನ್ನಡದಲ್ಲಿ ಉತ್ತರಿಸಲು, ಕನ್ನಡದಲ್ಲಿ ಬರೆಯಲು ಅವಕಾಶ ಕೊಡುವ, ಕನ್ನಡ ಓದಬಲ್ಲ ಅಧ್ಯಾಪಕರು ಅಲ್ಲಿರಬೇಕು. ಯೋಚನೆ ಕನ್ನಡದಲ್ಲಿ ಬೆಳೆಯುತ್ತಿರುವ ಹದಿನಾರರ ಹುಡುಗಿಯನ್ನು ಮೊದಲ ದಿನದಿಂದಲೇ ಇಂಗ್ಲಿಷಿನಲ್ಲಿ ವಾದ ಮಾಡೆಂದರೆ ಅವಳು ವಾದವನ್ನು ಬಿಟ್ಟು ವ್ಯಾಕರಣದ ಭಯದಲ್ಲಿ ಮುಳುಗುತ್ತಾಳೆ. ಓದುವುದು ಎರಡೂ ಭಾಷೆಯಲ್ಲಿ, ಬರೆಯುವುದು ಮೊದಲು ಕನ್ನಡದಲ್ಲಿ, ಎರಡನೇ ಪಿಯುವಿನಲ್ಲಿ ನಿಧಾನವಾಗಿ ಇಂಗ್ಲಿಷಿನಲ್ಲಿಯೂ. ಈ ಕ್ರಮ ಅವಳಿಗೆ ಒಗ್ಗುತ್ತದೆ. ಇದಕ್ಕೆ ಆ ಸಂಸ್ಥೆ ಒಪ್ಪದಿದ್ದರೆ ಅದು ನಿಮ್ಮ ಮಗಳಿಗೆ ಹೇಳಿ ಮಾಡಿಸಿದ್ದಲ್ಲ.

ಮಾಧ್ಯಮದ ತೊಡಕು ನಿಜವಾಗಿ ಎದುರಾಗುವುದು ಕೇಂದ್ರೀಯ ವಿಶ್ವವಿದ್ಯಾಲಯದ ಪ್ರವೇಶದಲ್ಲಿ. 2022ರಲ್ಲಿ ಆರಂಭವಾದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಒಂದು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿ ಪ್ರವೇಶವೂ ಇದರ ಮೂಲಕವೇ ನಡೆಯುತ್ತದೆ. ಆದರೆ ಪ್ರಶ್ನೆಗಳು ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಪಠ್ಯವನ್ನು ಆಧರಿಸಿರುತ್ತವೆ, ಆ ಪುಸ್ತಕಗಳನ್ನು ಎನ್‌ಸಿಇಆರ್‌ಟಿ ಪ್ರಕಟಿಸುವುದು ಇಂಗ್ಲಿಷ್, ಹಿಂದಿ ಮತ್ತು ಉರ್ದುವಿನಲ್ಲಿ. ರಾಜ್ಯದ ಎರಡನೇ ಪಿಯು ಇತಿಹಾಸ ಪುಸ್ತಕ ಶಿಲಾಯುಗದಿಂದ ಕರ್ನಾಟಕದ ಏಕೀಕರಣದವರೆಗೆ ರಾಜವಂಶಗಳ ಸಾಲಿನಲ್ಲಿ ಸಾಗುತ್ತದೆ, ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಅಲ್ಲಿ ವಿಸ್ತಾರವಾಗಿ ಬರುತ್ತಾರೆ. ಎನ್‌ಸಿಇಆರ್‌ಟಿ ಪುಸ್ತಕ ಕೆಲವು ವಸ್ತುಗಳನ್ನು ಆರಿಸಿಕೊಂಡು, ಹಂಪಿಯ ಬಗ್ಗೆ ಒಂದು ಅಧ್ಯಾಯ, ಪ್ರವಾಸಿಗರ ಬರಹಗಳ ಬಗ್ಗೆ ಇನ್ನೊಂದು ಎಂಬಂತೆ, ಮೂಲ ಆಕರಗಳ ತುಣುಕುಗಳನ್ನು ಜೊತೆಗಿಟ್ಟು ಸಾಗುತ್ತದೆ. ಒಂದನ್ನು ಓದಿದವರಿಗೆ ಇನ್ನೊಂದು ತಾನಾಗಿ ಬರುವುದಿಲ್ಲ. ಹೀಗಾಗಿ ರಾಜ್ಯದ ಮಕ್ಕಳು ಎರಡು ಪುಸ್ತಕಗಳನ್ನು ಓದಬೇಕಾದ ಹೊರೆ ಇದೆ, ಕನ್ನಡ ಮಾಧ್ಯಮದವರಿಗೆ ಅದು ಇಮ್ಮಡಿ ಹೊರೆ. ಕನ್ನಡದಲ್ಲಿ ಪರೀಕ್ಷೆ ಬರೆಯಬಹುದೆಂದು ಹೇಳಿ, ಓದಬೇಕಾದ ಪುಸ್ತಕವನ್ನು ಕನ್ನಡದಲ್ಲಿ ಕೊಡದಿರುವ ಈ ವ್ಯವಸ್ಥೆಯನ್ನು ನಾನಂತೂ ನ್ಯಾಯವೆನ್ನಲಾರೆ. ನೀವು ಸೇರಿಸಲಿರುವ ಆನ್‌ಲೈನ್ ತರಗತಿ ಎನ್‌ಸಿಇಆರ್‌ಟಿ ಅಧ್ಯಾಯಗಳನ್ನು ಕನ್ನಡದಲ್ಲಿ ವಿವರಿಸುತ್ತದೆಯೆಂದಾದರೆ ಅದು ದೊಡ್ಡ ಅನುಕೂಲ. ಆದರೆ ಸಿಯುಇಟಿ ಪೂರ್ತಿ ಬಹು ಆಯ್ಕೆಯ ಪರೀಕ್ಷೆ, ಅದಕ್ಕೆಂದೇ ತಯಾರು ಮಾಡುವ ತರಗತಿಯಲ್ಲಿ ಬರವಣಿಗೆ ಇರುವುದಿಲ್ಲ. ಎರಡನೇ ಪಿಯುವಿನ ಕೊನೆಯ ನಾಲ್ಕೈದು ತಿಂಗಳು ಅದಕ್ಕೆ ಮೀಸಲಿಟ್ಟರೆ ಸಾಲದೇ? ಈಗಿನಿಂದಲೇ ಆ ಗಾಣಕ್ಕೆ ಕಟ್ಟಬೇಡಿ.

ಬೋರ್ಡ್ ಪರೀಕ್ಷೆಯನ್ನು ಮರೆಯುವಂತಿಲ್ಲ. 2023-24ರಿಂದ ಪಿಯು ಕಲಾ ವಿಷಯಗಳಲ್ಲಿಯೂ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಎಂದಾಗಿದೆ. ಆ 20 ಅಂಕಗಳು ಕಾಲೇಜಿನವರ ಕೈಯಲ್ಲಿವೆ. ಆನ್‌ಲೈನಿನಲ್ಲಿ ಎಷ್ಟೇ ಕಲಿತರೂ ಕಾಲೇಜಿನ ಹಾಜರಾತಿ, ಕಿರುಪರೀಕ್ಷೆ, ಯೋಜನಾ ಕಾರ್ಯ ತಪ್ಪಬಾರದು. ಅತಿಥಿ ಉಪನ್ಯಾಸಕರು ಬಂದ ಕೂಡಲೇ ಮಗಳು ಏನೇನು ಓದಿದ್ದಾಳೆಂದು ಅವರಿಗೆ ಹೇಳಿ. ಬ್ರಹ್ಮಗಿರಿಗೆ ಒಂದು ರಜೆಯಲ್ಲಿ ಹೋಗಿ ಬಂದು, ಫೋಟೊ ತೆಗೆದು, ಮೇಲೆ ಹೇಳಿದ ಬರಹವನ್ನೇ ಬೆಳೆಸಿದರೆ ಯೋಜನಾ ಕಾರ್ಯಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ಇತಿಹಾಸ ಪತ್ರಿಕೆಯಲ್ಲಿ ನಕ್ಷೆಯಲ್ಲಿ ಸ್ಥಳ ಗುರುತಿಸಿ ಟಿಪ್ಪಣಿ ಬರೆಯುವ ಪ್ರಶ್ನೆಯಿರುತ್ತದೆ. ಪರದೆಯ ಮೇಲೆ ಬೆರಳಿನಿಂದ ಚುಕ್ಕಿಯಿಡುವ ಅಭ್ಯಾಸ ಅದಕ್ಕೆ ಉಪಯೋಗವಿಲ್ಲ, ಅಂಗಡಿಯಲ್ಲಿ ಸಿಗುವ ಖಾಲಿ ನಕ್ಷೆಗಳನ್ನು ತಂದು ಪೆನ್ಸಿಲಿನಲ್ಲೇ ಮಾಡಿಸಿ. ಪ್ರಬಂಧಗಳನ್ನೂ ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸಲಿ. ಟೈಪ್ ಮಾಡಿ ಕಳಿಸೆಂದು ಒತ್ತಾಯಿಸುವ ತರಗತಿಗಳಿಗೆ ನಮ್ಮ ಪರೀಕ್ಷೆಯ ಪರಿಚಯವಿಲ್ಲವೆಂದೇ ತಿಳಿಯಬೇಕು. ಜೊತೆಗೆ ಈಗ ಪ್ರಬಂಧವನ್ನು ಯಂತ್ರದಿಂದ ಬರೆಸುವುದು ಕ್ಷಣಾರ್ಧದ ಕೆಲಸ. ಆದ್ದರಿಂದ ಬುದ್ಧಿವಂತ ಅಧ್ಯಾಪಕರು ಬರಹ ತರಿಸಿಕೊಂಡ ಮೇಲೆ ಎರಡು ನಿಮಿಷ ಅದರ ಬಗ್ಗೆ ಮಾತನಾಡಿಸುತ್ತಾರೆ.

ಮೊಬೈಲಿನಲ್ಲಿ ಆಗುತ್ತದೆಯೇ ಎಂದು ಕೇಳಿದ್ದೀರಿ. ಕೇಳಲು, ಮಾತನಾಡಲು ಆಗುತ್ತದೆ, ಉದ್ದದ ಓದಿಗೆ ಆಗುವುದಿಲ್ಲ. ಅಂಗೈಯಗಲದ ಪರದೆಯಲ್ಲಿ ಹತ್ತು ಪುಟದ ಆಕರವನ್ನು ಯಾರೂ ಗಮನವಿಟ್ಟು ಓದಲಾರರು. ಲ್ಯಾಪ್‌ಟಾಪ್ ಕೊಳ್ಳುವ ಅಗತ್ಯವಿಲ್ಲ, ವಾರದ ಓದಿನ ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತರಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಓದಲಿ.

ಮನಃಶಾಸ್ತ್ರದ ವಿಷಯದಲ್ಲಿ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಬೇಕಾಗುತ್ತದೆ. ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ಖಾಸಗಿ ಆನ್‌ಲೈನ್ ತರಗತಿಯಲ್ಲಿ ಕಲಿತರೆ ಅದು ಅಂಕಪಟ್ಟಿಗೆ ಬರುವುದಿಲ್ಲ. ಕುತೂಹಲಕ್ಕಾಗಿ ಸ್ವಯಂನಲ್ಲಿರುವ ಮನಃಶಾಸ್ತ್ರದ ಕೋರ್ಸನ್ನು ಉಚಿತವಾಗಿ ನೋಡಲಿ. ಅದು ಇಂಗ್ಲಿಷಿನಲ್ಲಿರುವುದರಿಂದ ಭಾಷೆಯ ಅಭ್ಯಾಸವೂ ಆದೀತು. ಪದವಿಯಲ್ಲಿ ಆ ವಿಷಯ ಬೇಕೆಂದಾದರೆ, ಪಿಯುವಿನಲ್ಲಿ ಓದಿರಲೇಬೇಕೆಂಬ ನಿಯಮವಿದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಕೊಳ್ಳಿ. ಈಗಲೇ ಅದಕ್ಕೆ ಹಣ ಸುರಿಯಬೇಡಿ.

ನಿಮ್ಮ ಮಗನಿಗೆ ಸದ್ಯಕ್ಕೆ ಯಾವ ತರಗತಿಯೂ ಬೇಡ. ಸಮಾಜವಿಜ್ಞಾನದ ಪಾಠಗಳು ಬೇಕಾದರೆ 2020ರಲ್ಲಿ ದೂರದರ್ಶನ ಚಂದನದಲ್ಲಿ ಆರಂಭವಾದ ಸಂವೇದ ಕಾರ್ಯಕ್ರಮದ ಎಂಟರಿಂದ ಹತ್ತನೇ ತರಗತಿಯ ಪಾಠಗಳು ಯೂಟ್ಯೂಬಿನಲ್ಲಿವೆ. ಅಕ್ಕ ಓದುವ ಹಾಳೆಗಳನ್ನು ಅವನೂ ಓದಿ ಅವಳೊಡನೆ ಜಗಳಾಡಿದರೆ ಅದೇ ಅವನ ತರಗತಿ.

ಈಗ ಹಣದ ಮಾತು. ವರ್ಷಕ್ಕೆ ಎಂಬತ್ತು ತರಗತಿಗಳೆಂದು ಹಿಡಿದರೂ 42,000ಕ್ಕೆ ತರಗತಿಯೊಂದಕ್ಕೆ 525 ರೂಪಾಯಿ ಬೀಳುತ್ತದೆ. ಹನ್ನೆರಡು ಬರಹಗಳನ್ನಾದರೂ ಅಧ್ಯಾಪಕರು ಸ್ವತಃ ಓದಿ ಟಿಪ್ಪಣಿ ಬರೆಯುತ್ತಾರೆಂದರೆ ಇದನ್ನು ಅನ್ಯಾಯದ ಬೆಲೆ ಎನ್ನಲಾರೆ. ಅಷ್ಟು ಕೊಡುವುದು ಮನೆಗೆ ಭಾರವೆಂದಾದರೆ ಇನ್ನೊಂದು ದಾರಿಯಿದೆ, ನಾನು ಅನೇಕರಿಗೆ ಇದನ್ನೇ ಮೊದಲು ಹೇಳುತ್ತೇನೆ. ಪಾಠಕ್ಕೆ ಉಚಿತ ವಿಡಿಯೊಗಳನ್ನು ಬಳಸಿಕೊಳ್ಳಿ. ಚಳ್ಳಕೆರೆಯಲ್ಲೋ ಚಿತ್ರದುರ್ಗದಲ್ಲೋ ಇರುವ ನಿವೃತ್ತ ಇತಿಹಾಸ ಉಪನ್ಯಾಸಕರೊಬ್ಬರನ್ನು ಅಥವಾ ಎಂಎ ಓದುತ್ತಿರುವ ಚುರುಕಾದ ವಿದ್ಯಾರ್ಥಿಯೊಬ್ಬರನ್ನು ಹುಡುಕಿ, ಹದಿನೈದು ದಿನಕ್ಕೊಮ್ಮೆ ಮಗಳು ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಎರಡು ಪುಟ ಓದಿ ತಿದ್ದಿಕೊಡಲು, ಆಮೇಲೆ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಮಾತನಾಡಲು ಕೇಳಿಕೊಳ್ಳಿ, ಮರ್ಯಾದೆಯ ಗೌರವಧನ ಕೊಡಿ. ಅವಳ ಸಹಪಾಠಿಗಳು ಇಬ್ಬರು ಮೂವರು ಸೇರಿದರೆ ಖರ್ಚು ಹಂಚಿಹೋಗುತ್ತದೆ, ವಾದಿಸಲು ಜೊತೆಯೂ ಸಿಗುತ್ತದೆ.

ಸಂಸ್ಥೆಗೇ ಸೇರಿಸುವುದಾದರೆ ಕಂತಿನ ಹೆಸರಿನಲ್ಲಿ ಸಾಲದ ಅರ್ಜಿಗೆ ಸಹಿ ಹಾಕಿಸುತ್ತಿದ್ದಾರೆಯೇ ಎಂದು ಎಚ್ಚರದಿಂದ ಓದಿ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಯನ್ನು ಕೊಡಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರಿನಲ್ಲಿ ಪೋಷಕರಿಗೆ ಈ ಎಚ್ಚರಿಕೆ ಕೊಟ್ಟಿತ್ತು. ಹಣದ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹದಿನೆಂಟು ತುಂಬದ ಮಕ್ಕಳ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ, ತರಗತಿಯ ವಿಡಿಯೊದಲ್ಲಿ ಮಗಳ ಮುಖವನ್ನು ಜಾಹೀರಾತಿಗೆ ಬಳಸಬಾರದೆಂದು ಮೊದಲೇ ಬರೆದುಕೊಡಿ. ಕೊನೆಯಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಪಿಯು ಬೋರ್ಡಿನಲ್ಲಾಗಲಿ ಸಿಯುಇಟಿಯಲ್ಲಾಗಲಿ ಬೆಲೆಯಿಲ್ಲ, ಅದನ್ನು ನೋಡಿ ನಿರ್ಧಾರ ಮಾಡಬೇಡಿ.

ಮಾದರಿ ತರಗತಿ ಮುಗಿದ ದಿನವೇ ಮಗಳಿಂದ ಆ ಪಾಠದ ಬಗ್ಗೆ ಒಂದು ಪುಟ ಬರೆಸಿ, ಆ ಅಧ್ಯಾಪಕರಿಗೆ ಕಳಿಸಿ, ಓದಿ ಅಭಿಪ್ರಾಯ ಬರೆಯುವಂತೆ ವಿನಯದಿಂದ ಕೇಳಿಕೊಳ್ಳಿ. ಒಂದು ವಾರದೊಳಗೆ ಅವಳ ವಾಕ್ಯಗಳನ್ನು ಹಿಡಿದು ಬರೆದ ನಾಲ್ಕು ಸಾಲು ಬಂದರೆ ಸೇರಿಸಿ. ‘ವೆರಿ ಗುಡ್, ಕೀಪ್ ಇಟ್ ಅಪ್’ ಎಂದಷ್ಟೇ ಬಂದರೆ, ಅಥವಾ ಅಧ್ಯಾಪಕರ ಬದಲು ಮಾರಾಟ ವಿಭಾಗದವರ ಫೋನು ಬಂದರೆ, ನಿವೃತ್ತ ಉಪನ್ಯಾಸಕರನ್ನು ಹುಡುಕಲು ಹೊರಡಿ.